ಬರಿಗಾಲಲ್ಲಿ ಬಂದ ಗುರು: ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬದ ದಿನ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಅವರ ಹೆಸರು ಕೇಳದವರಿಲ್ಲ. ಮುಡಿಪು ಗುಡ್ಡಕ್ಕೆ ಒಮ್ಮೆಯಾದರೂ ಹರಕೆ ಹೇಳಿಕೊಂಡು ಹೋಗದ ಮನೆಗಳು ಕಡಿಮೆ. ಆದರೂ ಅವರ ಜೀವನದ ಒಂದು ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನಮಗೆ ಅನ್ನಿಸುತ್ತದೆ. ತಮ್ಮ ಗುರುಜೀವನದ ಬಹುಭಾಗವನ್ನು ಅವರು ಪರಭಾಷೆಯ ನಾಡಿನಲ್ಲಿ ಕಳೆದರು. ಮೊದಲು, ಪರನಾಡಿಗೆ ವಲಸೆ ಬಂದು ನೆಲೆಸಿದ್ದ ತಮ್ಮದೇ ಭಾಷೆಯ ಜನರ ನಡುವೆ. ಆಮೇಲೆ, ತಾವೇ ಪರದೇಶಿಯಾಗಿ, ಅಲ್ಲಿನವರ ಮಾತನ್ನು ಮಗುವಿನಂತೆ ಮೊದಲಿಂದ ಕಲಿತು.

ಈ ಮಾತು ನಮ್ಮ ತಲೆಗೆ ಬಂದದ್ದು ಘಟ್ಟದ ಮೇಲಿನ ಊರುಗಳನ್ನು ನೆನೆದಾಗ. ತೀರ್ಥಹಳ್ಳಿ ತಾಲೂಕಿನ ಕೋಣಂದೂರನ್ನೇ ತೆಗೆದುಕೊಳ್ಳಿ. ಅಡಿಕೆ ತೋಟ, ಗದ್ದೆ, ಕಾಡು ಸುತ್ತುವರಿದ ಮಲೆನಾಡಿನ ಊರು. ಕೋಣಂದೂರು, ರಿಪ್ಪನ್‌ಪೇಟೆ, ಹೊಸನಗರ, ತೀರ್ಥಹಳ್ಳಿ ಎಂದು ಸಾಗುವ ಈ ಸೀಮೆಗೆ ನಮ್ಮ ಕರಾವಳಿಯ ಕೊಂಕಣಿ ಕುಟುಂಬಗಳು ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ, ಜಮೀನು ಮಾಡಲಿಕ್ಕೆ ಎಂದು ಘಟ್ಟ ಹತ್ತಿ ಹೋದವು. ಕೇರಳದಿಂದ ಮಲಯಾಳಿ ಕುಟುಂಬಗಳು ರಬ್ಬರು, ಶುಂಠಿ ಬೆಳೆಯಲು ಬಂದವು. ಇತ್ತೀಚಿನ ವರ್ಷಗಳಲ್ಲಿ ಉತ್ತರದ ರಾಜ್ಯಗಳ ಕೂಲಿಕಾರರೂ ಬಂದು ಸೇರಿಕೊಂಡಿದ್ದಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ಎಲ್ಲರ ಮಾತೂ ಕನ್ನಡವೇ. ಮನೆಯೊಳಗಿನ ಜಪಸರ ಮಾತ್ರ ಅವರವರ ತಾಯಿನುಡಿಯಲ್ಲಿ ನಡೆಯುತ್ತದೆ. ಇಂತಹ ಕಡೆ ಭಾನುವಾರದ ಪೂಜೆಗೆ ಬರುವ ಫಾದರ್ ಯಾವ ಭಾಷೆಯಲ್ಲಿ ಪ್ರಸಂಗ ಮಾಡಬೇಕು? ಅದಕ್ಕಿಂತ ಹೆಚ್ಚಾಗಿ, ಹಾಸಿಗೆ ಹಿಡಿದ ಅಜ್ಜಿಯ ಪಾಪನಿವೇದನೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು?

ಇದು ಇಂದು ಹುಟ್ಟಿದ ಪ್ರಶ್ನೆಯಲ್ಲ. ಮುನ್ನೂರನಲವತ್ತು ವರ್ಷಗಳ ಹಿಂದೆ ಕೋಣಂದೂರು ಕೆಳದಿ ಸಂಸ್ಥಾನದ ನೆಲವಾಗಿತ್ತು. ರಾಜಧಾನಿ ಬಿದನೂರು, ಅಂದರೆ ಹೊಸನಗರ ತಾಲೂಕಿನ ಈಗಿನ ನಗರ, ಇಲ್ಲಿಗೆ ದೂರವೇನಲ್ಲ. ಘಟ್ಟದ ಮೇಲಿನ ಮೆಣಸು ಹೇರೆತ್ತುಗಳ ಬೆನ್ನ ಮೇಲೆ ಇಳಿದು ಬಸ್ರೂರಿನಂತಹ ಬಂದರುಗಳಿಗೆ ಹೋಗುತ್ತಿತ್ತು. ಗಂಗೊಳ್ಳಿ, ಕುಂದಾಪುರ, ಬಾರಕೂರು, ಕಲ್ಯಾಣಪುರ, ಮಂಗಳೂರು ಎಲ್ಲವೂ ಬಿದನೂರಿನ ಆಳ್ವಿಕೆಗೆ ಒಳಪಟ್ಟಿದ್ದವು. ಸಿಂಹಾಸನದ ಮೇಲೆ ರಾಣಿ ಚೆನ್ನಮ್ಮಾಜಿ. ಆ ರಾಣಿಯ ರಾಜ್ಯಕ್ಕೆ, ಅಲ್ಲಿ ಚದುರಿಹೋಗಿದ್ದ ಕೊಂಕಣಿ ಕ್ರೈಸ್ತರ ಗುರುವಾಗಿ, 1681ರಲ್ಲಿ ಬಂದವರು ಫಾದರ್ ಜೋಸೆಫ್ ವಾಜ್. ಆಗ ಅವರಿಗೆ ವಯಸ್ಸು ಮೂವತ್ತು.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಸಾಲ್ಸೆಟ್ ಪ್ರದೇಶದ ಬೆಣಾವ್ಲಿಯಲ್ಲಿ. ಅದು ತಾಯಿಯ ಊರು. ತಂದೆ ಕ್ರಿಸ್ತೋವಾಂವ್ ವಾಜ್, ಸಾಂಕೊವಾಳ ಗ್ರಾಮದವರು. ತಾಯಿ ಮರಿಯಾ ಡಿ ಮಿರಾಂಡ. ಮಕ್ಕಳು ತುಂಬಿದ ಮನೆ, ಭಕ್ತಿಯ ಮನೆತನ. ಬೆಣಾವ್ಲಿಯ ಸಂತ ಸ್ನಾನಿಕ ಯೊವಾನ್ನರ ಇಗರ್ಜಿಯಲ್ಲಿ ಮಗುವಿಗೆ ದೀಕ್ಷಾಸ್ನಾನವಾಯಿತು. ಹುಡುಗ ಪೋರ್ಚುಗೀಸ್ ಕಲಿತ, ಲ್ಯಾಟಿನ್ ಕಲಿತ, ಮುಂದೆ ಹಳೆ ಗೋವಾದಲ್ಲಿ ಜೆಸ್ವಿತರ ಸಂತ ಪೌಲರ ಕಾಲೇಜಿನಲ್ಲಿ ಓದಿದ. ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಡೊಮಿನಿಕನರ ವಿದ್ಯಾಲಯದಲ್ಲಿ ಮುಗಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು.

ದೀಕ್ಷೆಯಾದ ಸ್ವಲ್ಪದರಲ್ಲೇ ಅವರು ಪಾದರಕ್ಷೆ ಬಿಟ್ಟರು. ಊರಿನ ಬಡವರು ಹೇಗೆ ನಡೆಯುತ್ತಾರೋ ಹಾಗೆಯೇ ತಾವೂ ಬರಿಗಾಲಲ್ಲಿ ನಡೆದರು. ಒಳ್ಳೆಯ ಪ್ರಸಂಗಕಾರರೆಂದೂ ತಾಳ್ಮೆಯಿಂದ ಪಾಪನಿವೇದನೆ ಕೇಳುವ ಗುರುವೆಂದೂ ಹೆಸರಾದರು. ಸಾಂಕೊವಾಳದಲ್ಲಿ ಹುಡುಗರಿಗೆ ಲ್ಯಾಟಿನ್ ಶಾಲೆ ತೆರೆದರು. 1677ರ ಆಗಸ್ಟ್ 5ರಂದು ಮಾತೆ ಮರಿಯಳಿಗೆ ತಮ್ಮನ್ನು ದಾಸನಾಗಿ ಒಪ್ಪಿಸಿಕೊಂಡು ಪತ್ರ ಬರೆದು ಸಹಿ ಹಾಕಿದರು.

ಅವರ ಮನಸ್ಸಿದ್ದದ್ದು ಸಿಲೋನಿನ ಮೇಲೆ. ಈಗಿನ ಶ್ರೀಲಂಕಾ. 1658ರಲ್ಲಿ ಡಚ್ಚರು ಅಲ್ಲಿ ಪೋರ್ಚುಗೀಸರನ್ನು ಪೂರ್ತಿ ಹೊರಗೆ ಹಾಕಿದ ಮೇಲೆ ಕಥೋಲಿಕ ಗುರುಗಳಿಗೆ ಪ್ರವೇಶವೇ ಇರಲಿಲ್ಲ. ಅಲ್ಲಿನ ವಿಶ್ವಾಸಿಗಳು ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ಬದುಕುತ್ತಿದ್ದಾರೆಂದು ಕೇಳಿ ಅಲ್ಲಿಗೆ ಕಳುಹಿಸಿರೆಂದು ಅರಿಕೆ ಮಾಡಿಕೊಂಡರು. ಗೋವಾದಲ್ಲಿ ಆಗ ಆರ್ಚ್‌ಬಿಷಪರ ಸ್ಥಾನ ಖಾಲಿಯಿತ್ತು. ಕೆಥೆಡ್ರಲಿನ ಗುರುಮಂಡಳಿ ಆಡಳಿತ ನೋಡುತ್ತಿತ್ತು. ಆ ಮಂಡಳಿ ಸಿಲೋನಿನ ಬದಲು ಕೆನರಾಕ್ಕೆ ಹೋಗಲು ಹೇಳಿತು. ಕೆನರಾದ ವಿಗಾರ್ ವಾರ್ ಆಗಿ ಅವರು ನಮ್ಮ ಕಡೆ ಹೊರಟರು. ಬಯಸಿದ ಜಾಗ ಸಿಗಲಿಲ್ಲ ಎಂದು ಮುಖ ಬಾಡಿಸಿಕೊಂಡವರಲ್ಲ ಎಂಬುದಕ್ಕೆ ಮುಂದಿನ ಮೂರು ವರ್ಷಗಳೇ ಸಾಕ್ಷಿ.

ಇಲ್ಲಿ ಸ್ವಲ್ಪ ನಿಂತು ಆ ಕಾಲದ ನಮ್ಮ ಪೂರ್ವಿಕರ ಸ್ಥಿತಿಯನ್ನು ನೋಡಬೇಕು. ಗೋವಾದಿಂದ ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ ಬಂದದ್ದು ಒಂದೇ ಸಲ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. 1560ರಲ್ಲಿ ಗೋವಾದಲ್ಲಿ ಶುರುವಾದ ಇನ್ಕ್ವಿಜಿಶನ್ನಿನ ಹೆದರಿಕೆ, ಬರಗಾಲ, ರೋಗರುಜಿನ, ತೆರಿಗೆಯ ಭಾರ, ಯುದ್ಧಗಳು, ಹೀಗೆ ಅಲೆಅಲೆಯಾಗಿ ಜನ ಬಂದರು. ವಾಜರು ಕೆನರಾದಲ್ಲಿದ್ದಾಗಲೇ, 1683ರಲ್ಲಿ, ಸಂಭಾಜಿಯ ಮರಾಠಾ ಸೈನ್ಯ ಸಾಲ್ಸೆಟ್ ಮತ್ತು ಬಾರ್ದೆಸ್ ಪ್ರದೇಶಗಳ ಮೇಲೆ ದಾಳಿ ಮಾಡಿತು. ಅವರ ಸ್ವಂತ ಊರಿನ ಕಡೆಯ ನೆಲವೇ ಅದು. ಬಂದವರನ್ನು ಇಲ್ಲಿನ ಅರಸರು ಓಡಿಸಲಿಲ್ಲ. ಇವರು ಒಳ್ಳೆಯ ಬೇಸಾಯಗಾರರೆಂದು ನೆಲೆಸಲು ಬಿಟ್ಟರು. 1678ರಲ್ಲಿ ಪೋರ್ಚುಗೀಸರೊಂದಿಗೆ ಆದ ಒಪ್ಪಂದದಲ್ಲಿ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಕೆಳದಿಯ ಆಸ್ಥಾನ ಅನುಮತಿ ಕೊಟ್ಟಿತು. ವೀರಶೈವ ಅರಸೊತ್ತಿಗೆಯೊಂದು ಪರಭಾಷೆಯ, ಪರಧರ್ಮದ ವಲಸೆಗಾರರಿಗೆ ಇಷ್ಟು ಜಾಗ ಕೊಟ್ಟದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ನೆಲ ಸಿಕ್ಕರೆ ಎಲ್ಲವೂ ಸಿಕ್ಕಂತಾಗಲಿಲ್ಲ. ಮಂಗಳೂರಿನ ಸುತ್ತ ನೆರೆಹೊರೆಯವರ ಮಾತು ತುಳು. ಬಸ್ರೂರು, ಕುಂದಾಪುರಗಳಲ್ಲಿ ಕನ್ನಡ. ಬಿದನೂರಿನಿಂದ ಇಳಿದು ಬರುವ ಆಡಳಿತದ ಕಾಗದಪತ್ರವೂ ಕನ್ನಡ. ಮನೆ ಮನೆಗೂ ನಡುವೆ ಹೊಳೆ, ಗುಡ್ಡ, ಗದ್ದೆ. ವಾಡಿಯಲ್ಲಿ ನಾಲ್ಕು ಮನೆ, ಮುಂದಿನ ವಾಡಿಗೆ ಅರ್ಧ ದಿನದ ದಾರಿ. ಗುರುಗಳು ಬೆರಳೆಣಿಕೆಯಷ್ಟು. ಬಲಿಪೂಜೆ ಲ್ಯಾಟಿನ್ನಿನಲ್ಲಿ ಇದ್ದ ಕಾಲ ಅದು. ಪೂಜೆಗೆ ಯಾವ ಗುರುವಾದರೂ ನಡೆಯುತ್ತಿತ್ತು. ಪಾಪನಿವೇದನೆಗೆ ಹಾಗಲ್ಲ. ಅದನ್ನು ದುಭಾಷಿಯನ್ನು ಕೂರಿಸಿಕೊಂಡು ಮಾಡುವುದು ಯಾರಿಗೂ ಸುಲಭವಲ್ಲ. ಮಕ್ಕಳ ಜ್ಞಾನೋಪದೇಶವೂ ಅಷ್ಟೇ. ತಾಯಿನುಡಿ ಬಲ್ಲ ಗುರು ಇಲ್ಲದ ಕಡೆ ಎಷ್ಟೋ ಜನ ವರ್ಷಗಟ್ಟಲೆ ಮನಸ್ಸಿನ ಭಾರ ಇಳಿಸಿಕೊಳ್ಳದೆ ಉಳಿಯಬೇಕಾಗುತ್ತಿತ್ತು. ಸಾಯುವ ಗಳಿಗೆಯಲ್ಲೂ ಹಾಗೆಯೇ.

ಕೊಂಕಣಿಯಲ್ಲೇ ಮಾತನಾಡುವ, ಬರಿಗಾಲಲ್ಲಿ ಮನೆ ಬಾಗಿಲಿಗೆ ಬರುವ ಗುರು ಈ ಜನರಿಗೆ ಏನಾಗಿ ಕಂಡಿರಬೇಕೆಂದು ನಾವು ಊಹಿಸಬಹುದು. ವಾಜರು ಒಂದು ಕಡೆ ಕುಳಿತವರಲ್ಲ. ಮಂಗಳೂರು, ಬಾರಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಸುತ್ತುತ್ತಲೇ ಇದ್ದರು. ಹಾಳಾದ ಪ್ರಾರ್ಥನಾಲಯಗಳನ್ನು ಸರಿಪಡಿಸಿದರು, ಮಕ್ಕಳಿಗೆ ಸಣ್ಣ ಶಾಲೆಗಳನ್ನು ನಡೆಸಿದರು, ಜನರನ್ನು ಭಕ್ತಿಸಂಘಗಳಲ್ಲಿ ಕೂಡಿಸಿದರು. ಗುರು ಬರಲಾಗದ ವಾರಗಳಲ್ಲಿ ಜನ ತಾವೇ ಸೇರಿ ಪ್ರಾರ್ಥಿಸಬೇಕಲ್ಲ, ಅದಕ್ಕೆ ಸಂಘ ಬೇಕಾಗಿತ್ತು. ನಮ್ಮ ವಾಳೆಗಳಲ್ಲಿ ಇಂದಿಗೂ ಗುರ್ಕಾರರು ಮುಂದೆ ನಿಂತು ಮನೆಮನೆಯ ಜಪಸರ ನಡೆಸುವುದನ್ನು ನೋಡುವಾಗ ಆ ಕಾಲದ ನೆನಪಾಗುತ್ತದೆ.

ಕುಂದಾಪುರದ ಪವಿತ್ರ ಜಪಸರ ಮಾತೆಯ ಇಗರ್ಜಿಯಲ್ಲಿ, ಶಿಲುಬೆಯ ಎದುರು ಧ್ಯಾನದಲ್ಲಿದ್ದ ವಾಜರ ದೇಹ ನೆಲ ಬಿಟ್ಟು ಮೇಲೆದ್ದದ್ದನ್ನು ಜನ ಕಂಡರೆಂಬ ಮಾತು ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಮುಡಿಪಿನ ಕಥೆಯಂತೂ ಎಲ್ಲರಿಗೂ ಗೊತ್ತು. ಗುಡ್ಡದಲ್ಲಿ ಒಬ್ಬ ರೋಗಿ ಸಾಯುತ್ತಿದ್ದಾನೆ, ಅಂತ್ಯಸಂಸ್ಕಾರ ಕೊಡಬೇಕು ಎಂದು ಸುಳ್ಳು ಹೇಳಿ, ಕೇಡು ಬಗೆದ ಕೆಲವರು ಅವರನ್ನು ಕರೆದೊಯ್ದರಂತೆ. ಅವರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರಿನ ಒರತೆ ಚಿಮ್ಮಿತಂತೆ. ಆ ತೀರ್ಥಕ್ಕಾಗಿ ಇಂದಿಗೂ ಎಲ್ಲ ಮತದವರೂ ಮುಡಿಪಿಗೆ ಬರುತ್ತಾರೆ. ಈ ಕಥೆಯಲ್ಲಿ ನಮ್ಮ ಗಮನ ಸೆಳೆಯುವುದು ಒರತೆಗಿಂತ ಆ ಸುಳ್ಳು. ಅವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಹೊರಡಿಸಲು ರೋಗಿಯ ಹೆಸರು ಹೇಳಿದರೆ ಸಾಕು ಎಂಬುದು ಕೇಡು ಬಯಸಿದವರಿಗೂ ಗೊತ್ತಿತ್ತು.

ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿತ್ತು, ಅದು ಇಗರ್ಜಿಯೊಳಗಿನದು. ಭಾರತದ ಧರ್ಮಸಭೆಯ ಮೇಲೆ ಪೋರ್ಚುಗಲಿನ ಅರಸನಿಗೆ ಹಳೆಯ ಹಕ್ಕೊಂದಿತ್ತು. ಅದನ್ನು ಪಾದ್ರೊವಾದೊ ಎನ್ನುತ್ತಾರೆ. ರೋಮ್ ತನ್ನದೇ ಆದ ಪ್ರೊಪಗಾಂದಾ ಫೀದೆ ಎಂಬ ಸಂಸ್ಥೆಯ ಮೂಲಕ ಕೆನರಾ ಸೀಮೆಗೆ ಬಿಷಪ್ ತೋಮಸ್ ಡಿ ಕಾಸ್ತ್ರೊ ಅವರನ್ನು ನೇಮಿಸಿತು. ಇವರೂ ಗೋವಾದವರೇ. 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದವರು ಇವರು. ಗೋವಾ ಇವರ ಅಧಿಕಾರವನ್ನು ಒಪ್ಪಲಿಲ್ಲ. ಹೀಗಾಗಿ ವಲಸೆ ಬಂದ ಕೆಲವೇ ಸಾವಿರ ಜನರ ಮೇಲೆ ಎರಡು ಕಡೆಯ ಅಧಿಕಾರ ಬಂದು ಕೂತಿತು. ಯಾವ ಗುರುವಿನಿಂದ ಮದುವೆ ಮಾಡಿಸಿಕೊಂಡರೆ ಸಿಂಧು, ಯಾರ ಬಳಿ ಮಾಡಿದ ಪಾಪನಿವೇದನೆ ಅಸಿಂಧು ಎಂದು ಬಡ ಬೇಸಾಯಗಾರ ಹೇಗೆ ತೀರ್ಮಾನಿಸಬೇಕು?

ವಾಜರು ಗೋವಾದ ಕಡೆಯಿಂದ ಬಂದವರು. ಬಿಷಪರ ವಿರುದ್ಧ ನಿಂತು ಜಗಳ ಕಾಯಿಸಲು ಅವರಿಗೆ ಕಾರಣವೂ ಇತ್ತು, ಬೆಂಬಲವೂ ಇತ್ತು. ಅವರು ಹಾಗೆ ಮಾಡಲಿಲ್ಲ. ಬಿಷಪರನ್ನು ಹುಡುಕಿಕೊಂಡು ಹೋಗಿ ಗೌರವದಿಂದ ಮಾತನಾಡಿದರು. ರೋಮಿನಿಂದ ಸ್ಪಷ್ಟ ತೀರ್ಮಾನ ಬರುವ ತನಕ ಜನರಿಗೆ ಸಂಸ್ಕಾರಗಳು ನಿಲ್ಲಬಾರದು, ಯಾರ ಮನಸ್ಸಾಕ್ಷಿಗೂ ಸಂಶಯ ಉಳಿಯಬಾರದು ಎಂಬುದೊಂದೇ ಅವರ ಹಟ. ಬಿಷಪ್ ಡಿ ಕಾಸ್ತ್ರೊ 1684ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಆ ಹೊತ್ತಿಗೆ ಈ ವ್ಯಾಜ್ಯ ಮುಗಿದಿರಲಿಲ್ಲ. ಅದು ಮುಂದೆ ಇನ್ನೂ ಎರಡು ಶತಮಾನ ಎಳೆಯಿತು. ದೊಡ್ಡ ವ್ಯಾಜ್ಯವನ್ನು ತೀರಿಸುವ ಶಕ್ತಿ ಒಬ್ಬ ಗುರುವಿಗೆ ಇರಲಿಲ್ಲ, ಸರಿ. ಜನ ಅದರಡಿ ನಲುಗದಂತೆ ನೋಡಿಕೊಂಡರು.

1684ರಲ್ಲಿ ವಾಜರು ಗೋವಾಕ್ಕೆ ಹಿಂದಿರುಗಿದರು. ಅದೇ ವರ್ಷ ಜೂನ್ 27ರಂದು ಗೋವಾದ ವೈಸರಾಯ್, ಆಲ್ವೊರಿನ ಕೌಂಟ್, ಒಂದು ಆಜ್ಞೆ ಹೊರಡಿಸಿದರು. ಅದರಂತೆ ಗೋವಾದ ಜನ ಮೂರು ವರ್ಷಗಳೊಳಗೆ ತಮ್ಮ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತನಾಡಬೇಕಿತ್ತು. ಕಲಿಸುವ ಹೊಣೆ ಇಗರ್ಜಿಯ ಗುರುಗಳದ್ದು ಮತ್ತು ಶಾಲಾ ಮಾಸ್ತರರದ್ದು. ಗುರುಗಳಿಗೆ ಜನರ ಭಾಷೆ ಬಾರದಿದ್ದರೆ ಜನರೇ ಭಾಷೆ ಬದಲಿಸಿಕೊಳ್ಳಲಿ ಎಂಬ ಧೋರಣೆ ಅದು. ಕೊಂಕಣಿಯಲ್ಲಿ ಮೂರು ವರ್ಷ ಪಾಪನಿವೇದನೆ ಕೇಳಿ ಬಂದ ಗುರು ಆ ಆಜ್ಞೆಯ ಬಗ್ಗೆ ಏನೆಂದುಕೊಂಡರೋ, ನಾವು ಅವರ ಬಾಯಿಗೆ ಮಾತು ತುರುಕುವುದಿಲ್ಲ. ಅವರು ಮುಂದೆ ಹಿಡಿದ ದಾರಿ ಮಾತ್ರ ಆ ಆಜ್ಞೆಗೆ ನೇರ ವಿರುದ್ಧ ದಿಕ್ಕಿನದು. ಅಂದ ಹಾಗೆ, ಕೊಂಕಣಿ ಸಾಯಲಿಲ್ಲ. ನಮ್ಮ ಕರಾವಳಿಯಲ್ಲಿ ಅದು ಕನ್ನಡ ಲಿಪಿಯನ್ನೇ ತನ್ನದಾಗಿಸಿಕೊಂಡು ಇಂದಿಗೂ ಮುದ್ರಣವಾಗುತ್ತಿದೆ.

ಆ ಕಾಲದಲ್ಲಿ ನಾಡಿನ ಹುಡುಗರಿಗೆ ಯುರೋಪಿನ ಸನ್ಯಾಸಿ ಸಭೆಗಳ ಬಾಗಿಲು ತೆರೆದಿರಲಿಲ್ಲ. ಹಾಗಾಗಿ ಗೋವಾದ ಕೆಲವು ಗುರುಗಳು ತಾವೇ ಒಟ್ಟಾಗಿ ಸಮುದಾಯ ಜೀವನ ಆರಂಭಿಸಿದ್ದರು. 1685ರಲ್ಲಿ ವಾಜರು ಅವರನ್ನು ಸೇರಿದರು. ಹಳೆ ಗೋವಾದಲ್ಲಿ ಪವಾಡದ ಪವಿತ್ರ ಶಿಲುಬೆಯ ಹೆಸರಿನ ಆ ಸಭೆಗೆ ಸಂತ ಫಿಲಿಪ್ ನೇರಿಯವರ ಒರೆಟರಿಯ ನಿಯಮಗಳನ್ನು ಅಳವಡಿಸಿ, ಅದರ ಮುಖ್ಯಸ್ಥರಾದರು. ಈ ನೆಲದವರೇ ಕಟ್ಟಿ ನಡೆಸಿದ ಧಾರ್ಮಿಕ ಸಭೆ ಎಂದು ಚರಿತ್ರೆ ಅದನ್ನು ನೆನೆಯುತ್ತದೆ. ಅಲ್ಲಿಯೇ ಹಿರಿಯರಾಗಿ ಉಳಿಯಬಹುದಿತ್ತು. 1686ರಲ್ಲಿ ಅನುಮತಿ ಪಡೆದು ಸಿಲೋನಿನ ಕಡೆ ಹೊರಟೇ ಬಿಟ್ಟರು. ಜೊತೆಗೆ ಯೊವಾಂವ್ ಎಂಬ ಸೇವಕ; ಕೊನೆಯ ತನಕ ಅವರ ಜೊತೆ ಕಷ್ಟ ಪಟ್ಟವನು.

ದಾರಿಯಲ್ಲಿ ಮತ್ತೆ ನಮ್ಮ ಕೆನರಾ. ಮುಂದೆ ಕೇರಳ, ಆಮೇಲೆ ತಮಿಳು ಕರಾವಳಿಯ ತೂತ್ತುಕುಡಿ. ಸಿಲೋನಿನ ಉತ್ತರದ ಜಾಫ್ನಾದಲ್ಲಿ ತಮಿಳು ಮಾತು ಎಂದು ತಿಳಿದು ತಮಿಳು ಕಲಿಯಲು ಕುಳಿತರು. ಗುರುವಿನ ನಿಲುವಂಗಿ ತೆಗೆದಿಟ್ಟು ಸೊಂಟಕ್ಕೆ ತುಂಡು ಬಟ್ಟೆ ಸುತ್ತಿಕೊಂಡು ಕೂಲಿಯವನ ವೇಷ ತಾಳಿದರು. ಯುರೋಪಿನ ಬಿಳಿಯ ಗುರುವಿಗೆ ಈ ವೇಷ ಎಂದೂ ಒಪ್ಪುತ್ತಿರಲಿಲ್ಲ. ಗೋವಾದಲ್ಲಿ ಯಾವ ಮೈಬಣ್ಣ ಅವರನ್ನು ಎರಡನೇ ಸಾಲಿನಲ್ಲಿ ನಿಲ್ಲಿಸಿತ್ತೋ ಅದೇ ಮೈಬಣ್ಣ ಇಲ್ಲಿ ಡಚ್ಚರ ಕಾವಲು ದಾಟಿಸಿತು. 1687ರಲ್ಲಿ ದೋಣಿ ಹತ್ತಿದರು. ಜಾಫ್ನಾ ತಲುಪುವಷ್ಟರಲ್ಲಿ ರಕ್ತಭೇದಿ ಹಿಡಿದು ಸಾಯುವ ಸ್ಥಿತಿ. ಬೀದಿಯಲ್ಲಿ ಬಿದ್ದಿದ್ದ ಪರದೇಶಿಗಳಿಗೆ ಗಂಜಿ ಕೊಟ್ಟು ಬದುಕಿಸಿದವರು ಅಲ್ಲಿನ ಬಡವರು.

ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಪತ್ತೆ ಹಚ್ಚುವುದು ಹೇಗೆ? ಅವರು ಮೂವತ್ತು ವರ್ಷಗಳಿಂದ ಬಾಯಿ ಮುಚ್ಚಿಕೊಂಡಿದ್ದರು. ಗುರುವನ್ನು ಬಚ್ಚಿಟ್ಟವರಿಗೆ ಕಠಿಣ ಶಿಕ್ಷೆ. ಕೇಳಿದರೆ ಯಾರೂ ಹೇಳುವವರಲ್ಲ. ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷೆ ಹಾಕುವವರ ಕೈ ನೋಡುವ ಬದಲು ಕಣ್ಣು ನೋಡಿದರು. ಜಪಸರ ಕಂಡಾಗ ಯಾರ ಮುಖದಲ್ಲಿ ಗುರುತು ಮೂಡಿತೋ ಅಂಥ ಮನೆಗೆ ಮತ್ತೆ ಹೋದರು. ಹೀಗೆ ಒಬ್ಬರಿಂದ ಇನ್ನೊಬ್ಬರ ಸುಳಿವು ಸಿಕ್ಕಿತು. ನಡುರಾತ್ರಿ ಬಾಗಿಲು ಮುಚ್ಚಿ ಪೂಜೆ, ಬೆಳಗಾಗುವ ಮೊದಲು ಅಲ್ಲಿಂದ ಪರಾರಿ. ಪಾಪನಿವೇದನೆ ತಮಿಳಿನಲ್ಲಿ. ತೂತ್ತುಕುಡಿಯಲ್ಲಿ ಕಲಿತ ನಾಲ್ಕು ಮಾತು ಇಲ್ಲಿ ಜನರ ನಡುವೆ ಪಳಗಿತು.

ಜಾಫ್ನಾ ಬಳಿಯ ಸಿಲ್ಲಾಲೆ ಎಂಬ ಹಳ್ಳಿಯ ಕಥೋಲಿಕರು ಅವರನ್ನು ತಮ್ಮಲ್ಲಿ ಇರಿಸಿಕೊಂಡರು. ಡಚ್ಚರ ಹಿಂಸೆ ಬಿಗಿಯಾದಾಗ 1690ರಲ್ಲಿ ಪುತ್ತಳಂಗೆ ಸರಿದರು. 1692ರಲ್ಲಿ ಇನ್ನೂ ಒಳಗೆ, ಬೆಟ್ಟಗಳ ನಡುವಿನ ಕ್ಯಾಂಡಿ ರಾಜ್ಯಕ್ಕೆ ಹೋದರು. ಅದು ಡಚ್ಚರ ಕೈಗೆ ಸಿಗದ ಬೌದ್ಧ ಅರಸನ ನಾಡು. ಅಲ್ಲಿ ಕಾಲಿಡುವ ಮೊದಲೇ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟೆಂಟ್ ಆಸ್ಥಾನಿಕ, ಇವರು ಪೋರ್ಚುಗೀಸರ ಗೂಢಚಾರರೆಂದು ದೂರು ಕೊಟ್ಟಿದ್ದ. ರಾಜ ಎರಡನೇ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ.

ಸೆರೆಯಲ್ಲಿ ಏನು ಮಾಡಿದರು ಎಂದರೆ, ಸಿಂಹಳ ಕಲಿತರು. ಗಮನಿಸಿ, ತಮಿಳಿನ ಮೇಲೆ ಇದು ಇನ್ನೊಂದು ಭಾಷೆ, ಲಿಪಿಯೂ ಬೇರೆ. ವಯಸ್ಸು ನಲವತ್ತು ದಾಟಿತ್ತು. ಇವರು ಓಡಿಹೋಗುವವರಲ್ಲ ಎಂದು ಮನವರಿಕೆಯಾದ ಮೇಲೆ ಕಾವಲುಗಾರರು ಸಡಿಲ ಬಿಟ್ಟರು. ಸೆರೆಯ ಆವರಣದಲ್ಲೇ ಒಂದು ಗುಡಿಸಲು ಕಟ್ಟಿ ಪೂಜೆ ಅರ್ಪಿಸಿದರು. ಕ್ಯಾಂಡಿಯಲ್ಲಿ ಹಿಂದೆ ಸೆರೆ ಸಿಕ್ಕಿ ಅಲ್ಲೇ ನೆಲೆಸಿದ್ದ ಪೋರ್ಚುಗೀಸ್ ಮೂಲದ ಕಥೋಲಿಕರೂ ಇದ್ದರು. ಅವರೂ ಒಂದು ಲೆಕ್ಕದಲ್ಲಿ ಪರನಾಡಿನಲ್ಲಿ ಸಿಕ್ಕಿಬಿದ್ದ ಪರಭಾಷಿಕರೇ. ಅವರಿಗೆ ಪೋರ್ಚುಗೀಸಿನಲ್ಲಿ, ದೇಶೀಯರಿಗೆ ಸಿಂಹಳದಲ್ಲಿ, ಬಯಲಿನಿಂದ ಬಂದವರಿಗೆ ತಮಿಳಿನಲ್ಲಿ ಸೇವೆ ನಡೆಯಿತು.

ಮುಂದೆ ಆ ನಾಡಿಗೆ ಬರ ಬಂದಾಗ ಅರಸ ಇವರನ್ನೂ ಪ್ರಾರ್ಥಿಸಲು ಕೇಳಿಕೊಂಡನಂತೆ. ಬಯಲಿನಲ್ಲಿ ಪೀಠ ಇಟ್ಟು, ಶಿಲುಬೆ ನೆಟ್ಟು ವಾಜರು ಮೊಣಕಾಲೂರಿದಾಗ ಸುತ್ತಲೂ ಮಳೆ ಸುರಿದು ಪೀಠವೂ ಅವರೂ ಮಾತ್ರ ನೆನೆಯದೆ ಉಳಿದರು ಎಂಬುದು ಶ್ರೀಲಂಕಾದ ಕಥೋಲಿಕರು ಮಕ್ಕಳಿಗೆ ಹೇಳುವ ಕಥೆ. ಅಲ್ಲಿಂದ ಅರಸ ಅವರಿಗೆ ರಾಜ್ಯದಲ್ಲಿ ಓಡಾಡುವ ಸ್ವಾತಂತ್ರ್ಯ ಕೊಟ್ಟ. ಡಚ್ಚರ ಪ್ರದೇಶಕ್ಕೂ ವೇಷ ಮರೆಸಿ ಹೋಗಿ ಕೊಲಂಬೊದ ಕಥೋಲಿಕರನ್ನು ಕಂಡು ಬಂದರು. ಸುಮಾರು ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಆಮೇಲೆ ಗೋವಾದ ಒರೆಟರಿಯಿಂದ ಸಹಾಯಕ್ಕೆ ಗುರುಗಳು ಬಂದರು, ಅವರಲ್ಲಿ ಅಕ್ಕನ ಮಗ ಜೊಸೆ ಕಾರ್ವಾಲ್ಯೊ ಒಬ್ಬರು. ಕೊಚ್ಚಿಯ ಬಿಷಪರು ವಾಜರನ್ನು ಸಿಲೋನಿನ ವಿಗಾರ್ ಜೆರಾಲರಾಗಿ ನೇಮಿಸಿದ ಸುದ್ದಿಯೂ ಬಂತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸ, ಆಸ್ಥಾನದವರು, ಉಳ್ಳವರು ಊರು ಬಿಟ್ಟರು. ಸಿಡುಬು ಬಂದವರನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಬರುತ್ತಿದ್ದರು. ವಾಜರು ಮತ್ತು ಕಾರ್ವಾಲ್ಯೊ ಉಳಿದರು. ರೋಗಿಗಳಿಗೆ ಗುಡಿಸಲು ಹಾಕಿದರು, ಗಂಜಿ ಬೇಯಿಸಿದರು, ಹುಣ್ಣು ತೊಳೆದರು, ಸತ್ತವರಿಗೆ ತಾವೇ ಗುಂಡಿ ತೋಡಿದರು. ಯಾರು ಕ್ರೈಸ್ತ, ಯಾರು ಬೌದ್ಧ ಎಂದು ನೋಡಲಿಲ್ಲ. ಬಹುಶಃ ಅವರ ಸಿಂಹಳಕ್ಕೆ ಆ ತಿಂಗಳುಗಳಿಗಿಂತ ದೊಡ್ಡ ಶಾಲೆ ಬೇರೆ ಸಿಕ್ಕಿರಲಾರದು. ನೀರು ಬೇಕು, ನೋವು ಇಲ್ಲಿದೆ, ನನ್ನ ಮಗು ಎಲ್ಲಿ, ಈ ಮಾತುಗಳನ್ನು ರೋಗಿ ತನ್ನ ಭಾಷೆಯಲ್ಲೇ ಹೇಳುತ್ತಾನೆ.

ಗುರುಗಳು ಕಡಿಮೆ, ಊರುಗಳು ಹೆಚ್ಚು. ಕೆನರಾದಲ್ಲಿ ಕಂಡ ಕಷ್ಟವೇ ಇಲ್ಲೂ. ವಾಜರು ಪ್ರತಿ ಊರಿನಲ್ಲೂ ನಂಬಿಕಸ್ತ ಗೃಹಸ್ಥರನ್ನು ಆರಿಸಿ, ಗುರು ಇಲ್ಲದ ದಿನಗಳಲ್ಲಿ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಕಲಿಸುವ, ಸಾಯುವವರ ಪಕ್ಕ ಕೂರುವ ಹೊಣೆ ಕೊಟ್ಟರು. ಅಣ್ಣಾವಿ ಎಂದು ಅವರನ್ನು ಕರೆಯುತ್ತಿದ್ದರು. ಅವರ ಕೈಗೆ ಕೊಡಲು ಪ್ರಾರ್ಥನೆಗಳು, ಜ್ಞಾನೋಪದೇಶ ತಮಿಳಿನಲ್ಲೂ ಸಿಂಹಳದಲ್ಲೂ ಸಿದ್ಧವಾದವು. ಹೊಸದಾಗಿ ಬರುವ ಗುರುಗಳು ಮೊದಲು ಭಾಷೆ ಕಲಿಯಬೇಕಿತ್ತು. 1705ರಲ್ಲಿ ಬಂದ ಫಾದರ್ ಜಾಕೊಮ್ ಗೊನ್ಸಾಲ್ವಿಸ್ ಈ ಕೆಲಸವನ್ನು ಎಷ್ಟು ಮುಂದಕ್ಕೆ ಒಯ್ದರೆಂದರೆ, ದಿವಾಡಿ ದ್ವೀಪದ ಈ ಕೊಂಕಣಿ ಗುರುವನ್ನು ಸಿಂಹಳದ ಕಥೋಲಿಕ ಸಾಹಿತ್ಯದ ಪಿತಾಮಹ ಎಂದೇ ಶ್ರೀಲಂಕಾ ಇಂದು ಗೌರವಿಸುತ್ತದೆ. ಗೋವಾದಲ್ಲಿ ಕೊಂಕಣಿ ಬಿಡಬೇಕೆಂಬ ಆಜ್ಞೆ ಹೊರಟ ಇಪ್ಪತ್ತೊಂದನೇ ವರ್ಷಕ್ಕೆ ಇದು.

ಬಿಷಪರಾಗುವ ಮಾತು ಬಂದಾಗ ವಾಜರು ಒಪ್ಪಲಿಲ್ಲ. ದಣಿದ ದೇಹದಲ್ಲೇ ಊರೂರು ಸುತ್ತಿದರು. ಕೊನೆಯ ತ್ರಾಣವೂ ಹೋದ ಮೇಲೆ ಕ್ಯಾಂಡಿಗೆ ಹಿಂದಿರುಗಿ, 1711ರ ಜನವರಿ 16ರಂದು ಅಲ್ಲೇ ಪ್ರಾಣ ಬಿಟ್ಟರು. ಅರವತ್ತು ತುಂಬಲು ಕೆಲವು ತಿಂಗಳು ಬಾಕಿಯಿತ್ತು. ದ್ವೀಪಕ್ಕೆ ಬಂದ ಮೇಲೆ ಗೋವಾದ ನೆಲವನ್ನು ಅವರು ಮತ್ತೆ ಕಾಣಲಿಲ್ಲ. ಅವರನ್ನು ಸಮಾಧಿ ಮಾಡಿದ ಇಗರ್ಜಿ ಮುಂದೆ ಹಾಳಾಯಿತು. ಸಮಾಧಿ ಎಲ್ಲಿದೆಯೆಂದು ಇಂದು ಯಾರಿಗೂ ತಿಳಿದಿಲ್ಲ. 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು ಅದೇ ಗಾಲ್ ಫೇಸ್ ಮೈದಾನದಲ್ಲಿ ಆಗಿನ ಜಗದ್ಗುರು ಫ್ರಾನ್ಸಿಸರು ಸಂತರ ಸಾಲಿಗೆ ಸೇರಿಸಿದರು. ಶ್ರೀಲಂಕಾದ ಮೊದಲ ಸಂತ ನಮ್ಮ ಕರಾವಳಿಯ ಭಾಷೆಯನ್ನಾಡಿದ ಒಬ್ಬ ವಲಸೆಗಾರ.

ಅವರು ಸುತ್ತಿದ ಬಸ್ರೂರು, ಕುಂದಾಪುರ, ಗಂಗೊಳ್ಳಿಗಳು 2012ರಲ್ಲಿ ಸ್ಥಾಪನೆಯಾದ ಉಡುಪಿ ಧರ್ಮಪ್ರಾಂತ್ಯದಲ್ಲಿವೆ. ಮುಡಿಪು ಮಂಗಳೂರಿನದು. ಘಟ್ಟದ ಮೇಲಿನ ಹಳೆಯ ಬಿದನೂರಿನ ಸೀಮೆ 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅದೇ ಸೀಮೆಯಲ್ಲಿ ಕೇರಳ ಮೂಲದ ಸಿರೊ-ಮಲಬಾರ್ ವಿಶ್ವಾಸಿಗಳಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಒಂದೇ ನೆಲದ ಮೇಲೆ ಎರಡು ಅಧಿಕಾರ ಎಂದರೆ ವಾಜರ ಕಾಲದಲ್ಲಿ ಜಗಳವಾಗಿತ್ತು. ಇಂದು ಅದಕ್ಕೆ ಧರ್ಮಸಭೆಯ ಕಾನೂನಿನಲ್ಲೇ ದಾರಿಯಿದೆ. 1983ರ ಕಾನೂನು ಸಂಹಿತೆಯ 518ನೇ ವಿಧಿಯಂತೆ, ಅಗತ್ಯವಿರುವ ಕಡೆ ಭಾಷೆಯ ಆಧಾರದ ಮೇಲೆ ಪ್ರತ್ಯೇಕ ಧರ್ಮಕೇಂದ್ರವನ್ನೂ ಬಿಷಪರು ಸ್ಥಾಪಿಸಬಹುದು.

ಕಾನೂನು ಇದ್ದರೂ ಮನಸ್ಸು ಬೇಕು. ಯಾವ ಭಾಷೆಯ ಪೂಜೆಗೆ ಬೆಳಗಿನ ಒಳ್ಳೆಯ ಹೊತ್ತು, ಯಾವುದಕ್ಕೆ ಮಧ್ಯಾಹ್ನ, ಹಬ್ಬದ ಗಾಯನ ಯಾರದ್ದು ಎಂದು ನಮ್ಮ ಧರ್ಮಕೇಂದ್ರಗಳ ಸಭೆಗಳಲ್ಲಿ ದನಿ ಏರಿದ್ದನ್ನು ನಾವು ಕೇಳಿದ್ದೇವೆ. ಮುನ್ನೂರು ವರ್ಷದ ಹಿಂದೆ ಗುರುವಿಗಾಗಿ ಕಾದು ಕುಳಿತ ವಲಸೆಗಾರರ ಮೊಮ್ಮಕ್ಕಳು ನಾವು. ಇಂದು ನಮ್ಮ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತು, ಪ್ರಸಂಗ ಅರ್ಥವಾಗದೆ ನೆಲ ನೋಡುತ್ತಿರುವ ಝಾರ್ಖಂಡಿನ ಹುಡುಗನೂ ಅಂಥವನೇ.

ಕೋಣಂದೂರಿನ ಕಡೆ ತೋಟದ ನಡುವೆ ಎಲ್ಲೋ ಒಂದು ಮನೆಯಲ್ಲಿ ಈ ಜನವರಿಯಲ್ಲೂ ಸಂಜೆ ಜಪಸರ ನಡೆದಿರುತ್ತದೆ. ಅಜ್ಜಿ ಕೊಂಕಣಿಯಲ್ಲಿ ಆರಂಭಿಸಿದರೆ ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಮುಂದಿನ ಬಾರಿ ಆ ದಾರಿಯಲ್ಲಿ ಹೋಗುವ ನಮ್ಮ ಫಾದರುಗಳು, ಸಿಸ್ಟರುಗಳು ಅಂಥ ಮನೆಗೆ ಒಂದು ಗಳಿಗೆ ಹೋಗಿ ಬನ್ನಿ. ಕರಾವಳಿಯಿಂದ ಬಂದವರೆಂದರೆ ಕಾಫಿಯ ಜೊತೆ ಅರ್ಧ ದಿನದ ಮಾತು ಕಾದಿರುತ್ತದೆ.